ಹಳೇ ಮನೆಗೆ ಸಿಮೆಂಟು ಮೆತ್ತಿ ಮಾರೋರೇ, ಸ್ವಲ್ಪ ಕೇಳಿ

ಪೇಟೆಯ ಹಳೇ ಭಾಗದಲ್ಲಿ ನೂರು ವರ್ಷ ದಾಟಿದ ಮನೆಯೊಂದು ಮಾರಾಟಕ್ಕೆ ಬಂತು ಅಂದ್ರೆ ಬೋರ್ಡು ನೇತುಹಾಕೋಕೂ ಮುಂಚೆ ಆಗೋ ಕೆಲಸ ಒಂದಿದೆ. ನೆಲದಿಂದ ನಾಲ್ಕಡಿವರೆಗೆ ಹಳೇ ಗಾರೆ ಕಿತ್ತು ಸಿಮೆಂಟ್ ಪ್ಲಾಸ್ಟರ್ ಬಳಿಯೋದು, ಅದರ ಮೇಲೆ ಎರಡು ಕೋಟ್ ಪುಟ್ಟಿ, ಆಮೇಲೆ ಬೆಳ್ಳಗೆ ಎಮಲ್ಷನ್. ಚಾವಣಿ ನೋಡೋ ಹಾಗಿಲ್ಲ ಅನಿಸಿದರೆ ಫಾಲ್ಸ್ ಸೀಲಿಂಗ್. ಬ್ರೋಕರ್ ಬಾಯಲ್ಲಿ ಇದರ ಹೆಸರು 'ಫುಲ್ ರಿನೊವೇಷನ್'. ಜ್ವರ ಬಂದವನಿಗೆ ಪೌಡರ್ ಹಚ್ಚಿ ಫೋಟೋ ತೆಗೆದ ಹಾಗೆ. ಎರಡು ಮಳೆಗಾಲ ಕಳೆಯೋ ಹೊತ್ತಿಗೆ ಆ ಬಿಳಿ ಗೋಡೆ ಉಬ್ಬಿ, ಹಪ್ಪಳ ಎದ್ದು, ಕೈಯಿಟ್ಟರೆ ಪುಡಿ ಉದುರುತ್ತೆ. ಅಷ್ಟರಲ್ಲಿ ಮಾರಿದವನು ದುಡ್ಡು ಎಣಿಸಿಕೊಂಡು ಹೋಗಿರ್ತಾನೆ, ಕೊಂಡವನಿಗೆ ಮಾತ್ರ ಎಲ್ಲರಿಂದಲೂ ಒಂದೇ ಉಪದೇಶ: 'ಹಳೇ ಮನೆ ಅಲ್ವಾ ಸಾರ್, ಇದೆಲ್ಲ ಇರೋದೇ.'

ಇರೋದೇ ಅಲ್ಲ ಸ್ವಾಮಿ. ನೂರು ವರ್ಷ ಗಟ್ಟಿಯಾಗಿ ನಿಂತ ಗೋಡೆ ಎರಡು ವರ್ಷದಲ್ಲಿ ಪುಡಿಯಾಯ್ತು ಅಂದ್ರೆ ಅದಕ್ಕೆ ಕಾರಣ ವಯಸ್ಸಲ್ಲ. ನೀವು ಮಾಡಿಸಿದ ರಿಪೇರಿ.

ಸುಣ್ಣದ ಗಾರೆಯ ಗೋಡೆಯನ್ನ ಕಟ್ಟಿದ್ದು ನೀರು ಒಳಗೆ ಬರಲೇಬಾರದು ಅಂತ ಅಲ್ಲ, ಬಂದ ನೀರು ಹೊರಗೆ ಹೋಗಲಿ ಅಂತ. ಸುಣ್ಣದ ಕಲ್ಲನ್ನ ಸುಮಾರು 900 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟು, ನೀರು ಹಾಕಿ ಅರಳಿಸಿ, ಮರಳು ಬೆರೆಸಿ ಕಟ್ಟುತ್ತಿದ್ದರು. ಆ ಸುಣ್ಣ ಗಾಳಿಯಲ್ಲಿರೋ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ನಿಧಾನಕ್ಕೆ ಮತ್ತೆ ಕಲ್ಲಾಗುತ್ತೆ. ಕಲ್ಲಾದ ಮೇಲೂ ಅದರ ತುಂಬಾ ಸಣ್ಣ ರಂಧ್ರಗಳು ಉಳಿದಿರ್ತವೆ. ಅಡಿಪಾಯದಿಂದ ಹತ್ತಿದ ತೇವ, ಇರಚಲು ಮಳೆಯ ನೀರು, ಮನೆಯೊಳಗಿನ ಹಬೆ ಎಲ್ಲ ಅವುಗಳ ಮೂಲಕವೇ ಆರಿಹೋಗೋದು. ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಇಂಗ್ಲೆಂಡಿನಲ್ಲಿ ಪೇಟೆಂಟ್ ಸಿಕ್ಕಿದ್ದು 1824ರಲ್ಲಿ. ಅದಕ್ಕೂ ಎಷ್ಟೋ ಸಾವಿರ ವರ್ಷ ಮೊದಲಿಂದ ಜನ ಸುಣ್ಣದಲ್ಲೇ ಕಟ್ಟಿಕೊಂಡು ಬಂದಿದ್ದಾರೆ. ಅವರಿಗೆಲ್ಲ ತಲೆ ಇರಲಿಲ್ಲ ಅನ್ನೋ ಥರ ಮಾತಾಡೋ ಮೇಸ್ತ್ರಿಗಳನ್ನ ಕಂಡರೆ ಮೈ ಉರಿಯುತ್ತೆ.

ಇಂಥ ಗೋಡೆಗೆ ಸಿಮೆಂಟ್ ಮೆತ್ತಿದರೆ ತೇವ ನಿಲ್ಲಲ್ಲ, ದಾರಿ ಬದಲಿಸುತ್ತೆ. ನೆಲದಿಂದ ಹೀರಿದ ನೀರು ಸಾಮಾನ್ಯವಾಗಿ ಒಂದರಿಂದ ಒಂದೂವರೆ ಮೀಟರ್ ಒಳಗೇ ಆರಿಹೋಗುತ್ತಿತ್ತು. ಈಗ ಹೊರಗೆ ಹೋಗೋಕೆ ಜಾಗ ಇಲ್ಲದೆ ಸಿಮೆಂಟು ಮುಗಿಯೋ ಗೆರೆ ದಾಟಿ ಇನ್ನೂ ಮೇಲಕ್ಕೆ ಹತ್ತುತ್ತೆ. ಬರೋವಾಗ ಮಣ್ಣಿನ ಉಪ್ಪನ್ನೂ ಕರಗಿಸಿಕೊಂಡು ಬರುತ್ತೆ. ನೀರು ಆರಿದಾಗ ಆ ಉಪ್ಪು ರಂಧ್ರಗಳ ಒಳಗೇ ಹರಳುಗಟ್ಟಿ ಉಬ್ಬುತ್ತೆ. ಮೊದಲು ಹಳೇ ಇಟ್ಟಿಗೆಯ ಮುಖ ಸಿಪ್ಪೆ ಏಳುತ್ತೆ, ಆಮೇಲೆ ಸಿಮೆಂಟ್ ಪ್ಲಾಸ್ಟರ್ ಹಾಳೆ ಹಾಳೆಯಾಗಿ ಬಿಟ್ಟುಕೊಳ್ಳುತ್ತೆ, ಬೀಳೋವಾಗ ಅರ್ಧ ಇಂಚು ಇಟ್ಟಿಗೆಯನ್ನೂ ಎಳೆದುಕೊಂಡೇ ಬೀಳುತ್ತೆ. ಹೊರಗಡೆ ಇಟ್ಟಿಗೆ ಸಂದಿಗೆ ಸಿಮೆಂಟ್ ಪಾಯಿಂಟಿಂಗ್ ಮಾಡಿದ್ದರೆ ಕಥೆ ಇನ್ನೂ ಕೆಟ್ಟದ್ದು. ಸಂದಿಯ ಗಾರೆ ಯಾವತ್ತೂ ಇಟ್ಟಿಗೆಗಿಂತ ಮೆತ್ತಗಿರಬೇಕು, ಸವೆಯೋದಾದ್ರೆ ಅದು ಸವೆಯಬೇಕು. ಸಂದಿ ಗಟ್ಟಿಯಾಗಿ ಇಟ್ಟಿಗೆ ಮೆತ್ತಗಾದರೆ ಇಟ್ಟಿಗೆಯೇ ತಿಂದುಹೋಗಿ, ಸಿಮೆಂಟಿನ ಚೌಕಟ್ಟು ಮಾತ್ರ ಜೇನುಗೂಡಿನ ಹಾಗೆ ಎದ್ದು ನಿಲ್ಲುತ್ತೆ. ಹಳೇ ಬೀದಿಗಳಲ್ಲಿ ಕಣ್ಣೆತ್ತಿ ನೋಡಿ, ಎಲ್ಲಿ ಬೇಕಾದರೂ ಸಿಗುತ್ತೆ.

ಕೊಳ್ಳೋಕೆ ಹೋದವರು ಗೋಡೆಯ ಬಣ್ಣ ನೋಡ್ತಾರೆ. ಗೋಡೆ ಬಡಿದು ನೋಡಿ. ಬೆರಳಗೆಣ್ಣಿನಿಂದ ನೆಲದ ಹತ್ತಿರ ಶುರುಮಾಡಿ ಎದೆಮಟ್ಟದವರೆಗೆ ತಟ್ಟುತ್ತಾ ಬನ್ನಿ. ಕೆಳಗೆ ಗಡಸಾಗಿ ಟಣಟಣ ಅಂತ, ಮೇಲೆ ಮೆತ್ತಗೆ ಧಬಧಬ ಅಂತ ಕೇಳಿಸಿದರೆ ಕೆಳಗಿನದು ಸಿಮೆಂಟು, ಮೇಲಿನದು ಹಳೇ ಗಾರೆ. ಕೆಳಗಡೆ ಟೊಳ್ಳು ಶಬ್ದ ಬಂದರೆ ಸಿಮೆಂಟು ಆಗಲೇ ಇಟ್ಟಿಗೆಯಿಂದ ಬಿಟ್ಟಿದೆ. ಒಂದೇ ಕೋಣೆಗೆ ಮಾತ್ರ ಹೊಸ ಬಣ್ಣ, ಒಂದೇ ಗೋಡೆಗೆ ಪಿವಿಸಿ ಪ್ಯಾನೆಲ್, ನೆಲದಂಚಿಗೆ ಹೊಸದಾಗಿ ಎತ್ತರದ ಟೈಲ್ಸ್ ಪಟ್ಟಿ ಇದ್ದರೆ ಯಾಕೆ ಅಂತ ಕೇಳಲೇಬೇಕು. ಬೀರು ಪಕ್ಕಕ್ಕೆ ಸರಿಸಿ ಅಂತ ಹೇಳೋಕೆ ನಾಚಿಕೆ ಬೇಡ. ಮಳೆಗಾಲದಲ್ಲಿ ಒಂದು ಸಲ, ಮಳೆ ಬರ್ತಿರೋವಾಗಲೇ ಹೋಗಿ ನೋಡಿ. ಬಿಸಿಲಲ್ಲಿ ಮಾತ್ರ ಮನೆ ತೋರಿಸ್ತೀವಿ ಅನ್ನೋರ ಜೊತೆ ವ್ಯವಹಾರವೇ ಬೇಡ.

ಇನ್ನು ತೇವ ಅಳೀತೀವಿ ಅಂತ ಎರಡು ಮುಳ್ಳಿನ ಮೀಟರ್ ಹಿಡಿದು ಬರೋರ ಕಾಟ. ಗೋಡೆಗೆ ಚುಚ್ಚಿ, ಕೆಂಪು ಲೈಟ್ ತೋರಿಸಿ, 'ಡ್ಯಾಂಪ್ ಇದೆ, ಸುತ್ತ ರಂಧ್ರ ಕೊರೆದು ಕೆಮಿಕಲ್ ಇಂಜೆಕ್ಷನ್ ಮಾಡಬೇಕು' ಅಂತಾರೆ. ಆ ಮೀಟರ್ ಅಳೆಯೋದು ವಿದ್ಯುತ್ ಹರಿಯೋ ಪ್ರಮಾಣವನ್ನ, ಅದರ ಅಂಕಿಗಳನ್ನ ಹೊಂದಿಸಿರೋದು ಮರಕ್ಕೆ. ಉಪ್ಪು ಹಿಡಿದ ಗೋಡೆಯಲ್ಲಿ ನೀರು ಕಮ್ಮಿ ಇದ್ದರೂ ಕೆಂಪು ಬರುತ್ತೆ. ಇದನ್ನ ಗೊತ್ತಿಲ್ಲದೆ ಹೇಳ್ತಾರೋ ಗೊತ್ತಿದ್ದೂ ಹೇಳ್ತಾರೋ, ಕೊಂಡವನ ಜೇಬಿಗೆ ಎರಡೂ ಒಂದೇ. ಕೆಮಿಕಲ್ ಮಾರೋ ಕಂಪನಿಯ ಕೈಲೇ ಪರೀಕ್ಷೆ ಮಾಡಿಸೋದನ್ನ ಮೊದಲು ಬಿಡಿ.

ನೀರು ಎಲ್ಲಿಂದ ಬರ್ತಿದೆ ಅಂತ ಹೊರಗೆ ಹೋಗಿ ನೋಡೋ ಪುಣ್ಯಾತ್ಮರು ಎಷ್ಟು ಜನ? ಎಷ್ಟೋ ಸಲ ತೇವದ ಮೂಲ ಹೊರಗೇ ಇರುತ್ತೆ: ಒಡೆದ ಮಳೆನೀರು ಪೈಪು, ಎಲೆ ಕಟ್ಟಿಕೊಂಡ ಸೂರಿನ ದೋಣಿ, ಗೋಡೆಗೆ ಒತ್ತಿ ಹಾಕಿದ ಕಾಂಕ್ರೀಟು. ಎಲ್ಲಕ್ಕಿಂತ ದೊಡ್ಡ ಪಾಪ ರಸ್ತೆಯದ್ದು. ಹಳೇ ಡಾಂಬರು ಕೆರೆದು ತೆಗೆಯದೆ ಅದರ ಮೇಲೇ ಹೊಸದು ಹಾಕಿ ಹಾಕಿ, ಮೂರು ಮೆಟ್ಟಿಲು ಹತ್ತಿ ಹೋಗೋ ಮನೆಗಳು ಈಗ ಒಂದು ಮೆಟ್ಟಿಲು ಇಳಿದು ಹೋಗೋ ಮನೆಗಳಾಗಿವೆ. ಹೊರಗಿನ ನೆಲ ಒಳಗಿನ ನೆಲಕ್ಕಿಂತ ಕನಿಷ್ಠ 150 ಮಿ.ಮೀ. ಕೆಳಗಿರಬೇಕು. ಮರದ ನೆಲಹಾಸಿನ ಮನೆಯಾದರೆ ಅದರಡಿ ಗಾಳಿಯಾಡೋಕೆ ಬಿಟ್ಟಿದ್ದ ಜಾಲರಿಗಳು ರಸ್ತೆಯೊಳಗೆ ಹೂತೇ ಹೋಗಿರ್ತವೆ. ಅಲ್ಲಿಗೆ ಒಳಗಡೆ ಲಕ್ಷಾಂತರ ಸುರಿದು ಏನು ಬಳಿದರೂ ನೀರು ಬರ್ತಾನೇ ಇರುತ್ತೆ.

ಈಗ ಮರದ ವಿಷಯ. ಹಳೇ ಮನೆಯ ತೊಲೆ ನಡುವೆ ಕೊಳೆಯೋದು ಅಪರೂಪ, ಕೊಳೆಯೋದು ಗೋಡೆಯೊಳಗೆ ಕೂತ ತುದಿ. ಮರದ ತೇವಾಂಶ ಶೇ. 20 ದಾಟಿ ಅಲ್ಲೇ ನಿಂತರೆ ಬೂಷ್ಟು ಹಿಡಿಯೋಕೆ ಶುರು. ಹೊರಗೋಡೆಗೆ ಸಿಮೆಂಟ್ ಮೆತ್ತಿದ ಮನೆಯಲ್ಲಿ ಆ ತುದಿಗಳೇ ಮೊದಲ ಬಲಿ. ನೋಡಬೇಕಾದ ಜಾಗ ಅದು, ಫಾಲ್ಸ್ ಸೀಲಿಂಗ್ ಮುಚ್ಚೋದೂ ಅದನ್ನೇ! ಎರಡು ಬೋರ್ಡು ಬಿಚ್ಚಿಸಿ, ಟಾರ್ಚ್ ಹಾಕಿ, ತೊಲೆ ಗೋಡೆ ಸೇರೋ ಜಾಗದಲ್ಲಿ ಸ್ಕ್ರೂಡ್ರೈವರ್ ಒತ್ತಿ. ಒಂದೆರಡು ಮಿಲಿಮೀಟರಿಗೆ ನಿಂತರೆ ಸರಿ, ಬೆಣ್ಣೆಯಲ್ಲಿ ಇಳಿದಂತೆ ಇಳಿದರೆ ಆ ತುದಿ ಮುಗಿದಿದೆ. ಮುಗಿದಿದ್ದರೂ ತೊಲೆ ಪೂರ್ತಿ ಕಿತ್ತು ಸ್ಲ್ಯಾಬ್ ಹಾಕಬೇಕಿಲ್ಲ. ಮೊದಲು ಆನಿಕೆ ಕೊಟ್ಟು, ಕೊಳೆತ ಭಾಗ ಕತ್ತರಿಸಿ, ಅದೇ ಗಾತ್ರದ ಒಣಗಿದ ಮರ ಜೋಡಿಸಿ ಬೋಲ್ಟ್ ಹಾಕಿ, ತುದಿಯ ಸುತ್ತ ಗಾಳಿಗೆ ಜಾಗ ಬಿಟ್ಟರೆ ಆಯ್ತು. ಆದರೆ ಕಾಂಟ್ರಾಕ್ಟರಿಗೆ ಸ್ಲ್ಯಾಬ್ ಹಾಕೋದೇ ಸುಲಭ. 100 ಮಿ.ಮೀ. ದಪ್ಪದ ಕಾಂಕ್ರೀಟ್ ಸ್ಲ್ಯಾಬ್ ಚದರ ಮೀಟರಿಗೆ ಸುಮಾರು 250 ಕೆ.ಜಿ. ತೂಗುತ್ತೆ. ಮರದ ಅಂತಸ್ತು ಹೊರೋಕೆ ಕಟ್ಟಿದ ಮೆತ್ತನೆ ಗೋಡೆಯ ಮೇಲೆ ಇಷ್ಟು ತೂಕ ಕೂರಿಸಿ, ಅದರ ಮೇಲೊಂದು ಸಾವಿರ ಲೀಟರಿನ ಟ್ಯಾಂಕ್, ಅಂದ್ರೆ ಇನ್ನೊಂದು ಟನ್. ಕೇಳಿದರೆ 'ಹಳೇ ಕಾಲದ ಗೋಡೆ ಸಾರ್, ಆನೆ ಬಲ' ಅಂತಾರೆ. ಲೆಕ್ಕ ಹಾಕಿದ ಕಾಗದ ಕೊಡಿ ಅಂದರೆ ಆಸಾಮಿ ನಾಪತ್ತೆ.

ವೈರಿಂಗ್‌ನಲ್ಲೂ ಇದೇ ಆಟ. ಹೊಳೆಯೋ ಹೊಸ ಸ್ವಿಚ್ ಪ್ಲೇಟು, ಹಿಂದೆ ರಬ್ಬರ್ ಹೊದಿಕೆಯ ಹಳೇ ತಂತಿ, ಮುಟ್ಟಿದರೆ ಉದುರುತ್ತೆ. ಮೂರು ಪಿನ್ನಿನ ಸಾಕೆಟ್ ಇರುತ್ತೆ, ಅರ್ಥಿಂಗ್ ತಂತಿಯೇ ಇರಲ್ಲ. ಅಡ್ವಾನ್ಸ್ ಕೊಡೋ ಮುಂಚೆ ಎಲೆಕ್ಟ್ರಿಷಿಯನ್ ಕರೆಸಿ ತಂತಿಯ ಹೊದಿಕೆಯಿಂದ ಕರೆಂಟು ಸೋರ್ತಿದೆಯಾ ಅಂತ ಅಳೆಯೋ 500 ವೋಲ್ಟ್ ಡಿಸಿ ಮೆಗ್ಗರ್ ಹಾಕಿಸಿ. ಪ್ರತಿ ಸರ್ಕ್ಯೂಟಿಗೂ ಕನಿಷ್ಠ 1 ಮೆಗಾಓಮ್ ಬರಬೇಕು, ಇಲ್ಲದಿದ್ದರೆ ಪೂರ್ತಿ ವೈರಿಂಗಿನ ಖರ್ಚನ್ನ ರೇಟಿನಲ್ಲಿ ಕಳೆಯಿರಿ. ನೀರಿಗೆ, ಎರಡು ನಲ್ಲಿ ಒಟ್ಟಿಗೆ ತಿರುಗಿಸಿ. ಒಂದರ ಧಾರೆ ಸಣ್ಣಗಾದರೆ ಜಿಐ ಪೈಪು, ಅಂದ್ರೆ ಸತು ಬಳಿದ ಕಬ್ಬಿಣದ ಪೈಪು, ಒಳಗಿಂದ ತುಕ್ಕು ಕಟ್ಟಿರಬಹುದು. ಬೂದು ಬಣ್ಣದ ಪೈಪನ್ನ ನಾಣ್ಯದಿಂದ ಕೆರೆದಾಗ ಬೆಳ್ಳಗೆ ಹೊಳೆದು, ಆಯಸ್ಕಾಂತ ಅಂಟದೇ ಹೋದರೆ ಅದು ಸೀಸ. ಕುಡಿಯೋ ನೀರಿನಲ್ಲಿ ಸೀಸಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಹಾಕಿರೋ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ. ಇದರಲ್ಲಿ ಚೌಕಾಸಿಯ ಮಾತೇ ಇಲ್ಲ, ಪೈಪು ಬದಲಿಸಲೇಬೇಕು.

ಬಿರುಕಿನ ಬಗ್ಗೆ ಒಂದೇ ಮಾತು: ಬಿರುಕು ಇರೋದಕ್ಕಿಂತ ಬಿರುಕು ಮುಚ್ಚಿರೋದು ಅಪಾಯ. ಹಳೇ ಬಿರುಕಿನೊಳಗೆ ಧೂಳು, ಜೇಡರ ಬಲೆ, ಹಳೇ ಬಣ್ಣ ಕಂಡರೆ ಅದು ಎಂದೋ ಆಗಿ ನಿಂತದ್ದು. ಅಂಚು ಚೂಪಾಗಿ, ಒಳಗೆ ಇಟ್ಟಿಗೆ ಕೆಂಪಗೆ ಹೊಸದಾಗಿ ಕಂಡರೆ ಇನ್ನೂ ನಡೀತಿದೆ. ಪುಟ್ಟಿ ಬಳಿದುಬಿಟ್ಟರೆ ಈ ಸಾಕ್ಷಿಯೆಲ್ಲ ಹೋಯ್ತು. ಪಕ್ಕದ ಸೈಟಿನಲ್ಲಿ ಬೇಸ್‌ಮೆಂಟ್ ಅಗೀತಿದ್ದರಂತೂ ಎರಡು ಪಟ್ಟು ಹುಷಾರು. ಹಂಚಿಕೊಂಡ ಗೋಡೆಯ ಫೋಟೋಗಳನ್ನ ತಾರೀಖಿನ ಸಮೇತ ಇಟ್ಟುಕೊಳ್ಳದಿದ್ದರೆ ನಾಳೆ 'ಇದು ಮೊದಲೇ ಇತ್ತು' ಅನ್ನೋ ಮಾತಿಗೆ ನಿಮ್ಮಲ್ಲಿ ಉತ್ತರ ಇರಲ್ಲ. ಪಕ್ಕದವರು ಅಂತರ್ಜಲ ಪಂಪ್ ಮಾಡಿ ತೆಗೆದರೂ ತೊಂದರೆ ನಿಮಗೇ. ಆಮ್‌ಸ್ಟರ್‌ಡ್ಯಾಮ್‌ನ ಹಳೇ ಮನೆಗಳು ನಿಂತಿರೋದು ನೀರಲ್ಲಿ ಮುಳುಗಿದ ಮರದ ಕಂಬಗಳ ಮೇಲೆ. ನೀರಿನ ಮಟ್ಟ ಇಳಿದು ಕಂಬದ ತಲೆಗೆ ಗಾಳಿ ತಾಗಿದರೆ ಕೊಳೆಯೋಕೆ ಶುರು, ಮೇಲಿನ ಮನೆ ಕುಸಿಯೋಕೂ ಶುರು.

ಪಾರಂಪರಿಕ ಪ್ರದೇಶ ಅಂತ ಕಾನೂನು ಇದೆಯಲ್ಲ, ಅದು ಕಾಯಲ್ವಾ ಅಂತ ಕೇಳಬಹುದು. ಅಮೆರಿಕದ ಚಾರ್ಲ್ಸ್‌ಟನ್ 1931ರಲ್ಲೇ ಇಂಥ ವಲಯ ಮಾಡಿತು, ಫ್ರಾನ್ಸ್ 1962ರಲ್ಲಿ ಕಾನೂನು ತಂದಿತು, ಬ್ರಿಟನ್ 1967ರಲ್ಲಿ. ಆದರೆ ಇಂಥ ವಲಯದ ನಿಯಮಗಳ ಕಣ್ಣು ಬಹುಪಾಲು ಬೀದಿಗೆ ಕಾಣೋ ಮುಖದ ಮೇಲೆ. ಕಿಟಕಿ ಬದಲಿಸೋಕೆ ಅರ್ಜಿ ಹಾಕಿ ಕಾಯಬೇಕು, ಒಳಗೋಡೆಗೆ ನಾಲ್ಕಡಿ ಸಿಮೆಂಟು ಬಳಿಯೋಕೆ ಎಷ್ಟೋ ಕಡೆ ಯಾರನ್ನೂ ಕೇಳಬೇಕಾಗಿಲ್ಲ. ಮೊದಲ ಮಾಲೀಕ ಅನುಮತಿ ಇಲ್ಲದೆ ಕಟ್ಟಿದ ಬಾಲ್ಕನಿಗೆ ನೋಟಿಸ್ ಬರೋದು ಈಗಿನ ಮಾಲೀಕನಿಗೆ. ಹಾಗಾಗಿ ಪತ್ರಗಳ ಜೊತೆ ಹಳೇ ಮಂಜೂರಾತಿ ನಕ್ಷೆಯನ್ನೂ ಕೇಳಿ ಪಡೆದು, ಅದನ್ನ ಕೈಲಿ ಹಿಡಿದುಕೊಂಡೇ ಮನೆ ಸುತ್ತಿ.

ಸರಿಯಾದ ರಿಪೇರಿ ಬ್ರಹ್ಮವಿದ್ಯೆಯೇನಲ್ಲ. ಮೊದಲು ಹೊರಗಿನ ನೀರು ನಿಲ್ಲಿಸಬೇಕು. ಆಮೇಲೆ ಸಿಮೆಂಟ್ ಪ್ಲಾಸ್ಟರನ್ನ ಉಳಿ-ಸುತ್ತಿಗೆಯಲ್ಲಿ ಬಿಡಿಸಬೇಕು. ಗ್ರೈಂಡರ್ ಬೇಡ, ಇಟ್ಟಿಗೆಯ ಅಂಚು ಹೋಗುತ್ತೆ. ಸಂದಿಯನ್ನ ಅದರ ಅಗಲದ ಎರಡರಿಂದ ಎರಡೂವರೆ ಪಟ್ಟು ಆಳಕ್ಕೆ ಕೆರೆಯಬೇಕು, 10 ಮಿ.ಮೀ. ಸಂದಿಗೆ 20-25 ಮಿ.ಮೀ. ಧೂಳು ತೊಳೆದು, ಗೋಡೆ ನೆನೆಸಿ, ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಉಪ್ಪಿಲ್ಲದ ಒರಟು ಮರಳು ಸೇರಿಸಿದ ಗಾರೆ ತುಂಬಬೇಕು. ಬೇಗ ಬಿಗಿಯಬೇಕಿದ್ದರೆ ಇಟ್ಟಿಗೆಯ ನುಣ್ಣನೆ ಪುಡಿ ಸ್ವಲ್ಪ. 'ಒಂದು ಬಾಂಡ್ಲಿ ಸಿಮೆಂಟ್ ಹಾಕಿದ್ರೆ ಗಟ್ಟಿ ಬರುತ್ತೆ' ಅನ್ನೋ ಮಾತಿಗೆ ಒಪ್ಪಬೇಡಿ, ಅದರಿಂದ ಸುಣ್ಣದ ಗುಣವೂ ಉಳಿಯಲ್ಲ, ಸಿಮೆಂಟಿನ ಬಲವೂ ಬರಲ್ಲ. ಪ್ಲಾಸ್ಟರ್ ಆದರೆ ಒಂದು ಪದರ 10 ಮಿ.ಮೀ. ಮೀರಬಾರದು, ಒದ್ದೆ ಗೋಣಿಚೀಲ ಕಟ್ಟಿ ವಾರಗಟ್ಟಲೆ ಬಿಸಿಲಿಂದ ಕಾಪಾಡಬೇಕು. ಮೇಲೆ ಸುಣ್ಣವನ್ನೇ ಬಳಿಯಬೇಕು. ಎಮಲ್ಷನ್ ಬಳಿದರೆ ಮತ್ತೆ ಬಾಗಿಲು ಹಾಕಿದಂತೆಯೇ.

ಇದನ್ನೆಲ್ಲ ಹದಿನೈದು ದಿನದಲ್ಲಿ ಮುಗಿಸಿಕೊಡ್ತೀನಿ ಅನ್ನೋನನ್ನ ಗೇಟಿನಿಂದಲೇ ಕಳಿಸಿ. ನೆನೆದ ಗೋಡೆ ಆರೋದಕ್ಕೆ ಗಾರೆ ಕೆಲಸದವರ ಅಂದಾಜು ಇಂಚಿಗೆ ಒಂದು ತಿಂಗಳು. ಹದಿನೆಂಟು ಇಂಚಿನ ಗೋಡೆ ಎರಡೂ ಬದಿಯಿಂದ ಆರಿದರೂ ಒಂಬತ್ತು ತಿಂಗಳು ಬೇಕು, ಒಂದು ಬದಿ ಪಕ್ಕದ ಮನೆಗೆ ಅಂಟಿದ್ದರೆ ಒಂದೂವರೆ ವರ್ಷ. ಅಷ್ಟು ದಿನ ಗೋಡೆ ಬೆತ್ತಲೆಯಾಗಿ, ಕಲೆಕಲೆಯಾಗಿ, ನೆಂಟರಿಗೆ ತೋರಿಸೋ ಹಾಗಿಲ್ಲದೆ ನಿಂತಿರುತ್ತೆ. ಮಾರೋರು ಆ ಕಲೆಯನ್ನ ಹಾಗೇ ಬಿಟ್ಟು ಕಮ್ಮಿ ರೇಟು ಹೇಳಿದ್ದರೆ ನಾವು ಖುಷಿಯಾಗೇ ಕೊಳ್ಳುತ್ತಿದ್ದೆವು. ಈಗ ಸಿಮೆಂಟು ಹಾಕಿಸಿದ ಖರ್ಚನ್ನೂ ರೇಟಿಗೆ ಸೇರಿಸಿ ವಸೂಲಿ ಮಾಡ್ತಾರೆ, ಅದನ್ನ ಕೀಳಿಸೋಕೆ ಮತ್ತೆ ನಾವೇ ಕೂಲಿ ಕೊಡಬೇಕು.