ಆಯ್ಕೆ ಇರಬೇಕಾದದ್ದು ಅಂಗಡಿಯಲ್ಲಿ

ವಿಂಡೋಸ್ ಬರಬರುತ್ತಾ ಭಾರವಾಗುತ್ತಿದೆ, ಹೆಚ್ಚು ಶಕ್ತಿಯ ಯಂತ್ರ ಬೇಡುತ್ತಿದೆ ಎಂಬ ದೂರಿಗೆ ಲೇಖಕರೊಬ್ಬರು "ವಿಂಡೋಸ್ ಭಾರವೆನಿಸಿದರೆ ಲಿನಕ್ಸ್ ಹಾಕಿಕೊಳ್ಳಲಿ, ಸ್ಪರ್ಧೆಗೆ ಅಡ್ಡಿಯೇನಿದೆ?" ಎಂದು ಕೇಳಿದ್ದಾರೆ. ವಿಂಡೋಸ್ ಬದಲು ಉಚಿತವಾಗಿ ಹಾಕಿಕೊಳ್ಳಬಹುದಾದ ಕಾರ್ಯಾಚರಣ ವ್ಯವಸ್ಥೆಯೇ ಲಿನಕ್ಸ್. ಆದರೆ ಅವರ ಮಾತನ್ನು ನಾನು ಒಪ್ಪುವುದಿಲ್ಲ. ಸ್ಪರ್ಧೆ ನಡೆಯಬೇಕಾದದ್ದು ಅಂಗಡಿಯಲ್ಲಿ, ಲ್ಯಾಪ್‌ಟಾಪ್ ಮನೆಗೆ ಬಂದ ಮೇಲಲ್ಲ. ತೊಂಬತ್ತರ ದಶಕದಲ್ಲಿ ವಿಂಡೋಸ್‌ಗೆ ಎದುರಾಗಿ ಬಿಓಎಸ್ (BeOS) ಎಂಬ ಚುರುಕಾದ ಕಾರ್ಯಾಚರಣ ವ್ಯವಸ್ಥೆ ಬಂದಿತ್ತು. ಕಂಪ್ಯೂಟರ್ ತಯಾರಕರ ಜೊತೆಗಿನ ಕರಾರುಗಳ ಮೂಲಕ ಮೈಕ್ರೋಸಾಫ್ಟ್ ಬಿಓಎಸ್‌ಗೆ ಬಾಗಿಲು ಮುಚ್ಚಿಸಿತು ಎಂದು ಬಿಓಎಸ್ ತಯಾರಿಸಿದ ಕಂಪನಿ 2002ರಲ್ಲಿ ದಾವೆ ಹೂಡಿತು. ಮರುವರ್ಷ ಮೈಕ್ರೋಸಾಫ್ಟ್ ತಪ್ಪೊಪ್ಪಿಕೊಳ್ಳದೆ ಸುಮಾರು 2.3 ಕೋಟಿ ಡಾಲರ್ ಕೊಟ್ಟು ರಾಜಿಯಾಯಿತು. ಅಷ್ಟರಲ್ಲಿ ಬಿಓಎಸ್ ಮಾರುಕಟ್ಟೆಯಿಂದಲೇ ಹೋಗಿತ್ತು.

ಎದುರಾಳಿಯೇ ಇಲ್ಲದವನು ಮೈ ಇಳಿಸುವುದಾದರೂ ಏಕೆ? 2001ರ ವಿಂಡೋಸ್ ಎಕ್ಸ್‌ಪಿಗೆ ಕನಿಷ್ಠ 64 ಎಂಬಿ ರ‍್ಯಾಮ್ ಸಾಕಿತ್ತು, ವಿಂಡೋಸ್ 11ಕ್ಕೆ 4 ಜಿಬಿ ಬೇಕು. ಸುರಕ್ಷತೆಗೆ ಒಂದಿಷ್ಟು ಹೆಚ್ಚು ಬೇಕೆಂಬುದು ನಿಜ. ಆದರೆ ಸ್ಟಾರ್ಟ್ ಮೆನುವಿನ ಜಾಹೀರಾತಿಗೂ ಸುರಕ್ಷತೆಗೂ ಸಂಬಂಧವಿಲ್ಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲ ನಿಂತಾಗ, ವಿಂಡೋಸ್ 11 ಕೇಳುವ ಟಿಪಿಎಂ 2.0 ಎಂಬ ಸುರಕ್ಷತಾ ಚಿಪ್ ಇಲ್ಲ, ಪ್ರೊಸೆಸರ್ ಹಳೆಯದು ಎಂಬಂಥ ಕಾರಣಗಳಿಗೆ ಚೆನ್ನಾಗಿ ಓಡುತ್ತಿದ್ದ ಎಷ್ಟೋ ಯಂತ್ರಗಳು ಹಿಂದುಳಿದವು.

ನಮ್ಮಲ್ಲಂತೂ ಇನ್ನೊಂದು ಗಂಟಿದೆ. ಕನ್ನಡ ಬೆರಳಚ್ಚಿನ ತಂತ್ರಾಂಶಗಳಾದ ನುಡಿ, ಬರಹ ಎರಡೂ ವಿಂಡೋಸ್‌ಗೆಂದೇ ಬೆಳೆದವು, ಹಳೆಯ ಕಡತಗಳೆಷ್ಟೋ ಎಲ್ಲ ವ್ಯವಸ್ಥೆಗಳೂ ಓದಬಲ್ಲ ಯೂನಿಕೋಡ್ ಸಂಕೇತದ್ದಲ್ಲದ ಫಾಂಟ್‌ಗಳಲ್ಲಿವೆ. ಅದರಲ್ಲೇ ಅನ್ನ ದುಡಿಯುವ ಡಿಟಿಪಿ ಅಂಗಡಿಯವರಿಗೆ "ಲಿನಕ್ಸ್ ಹಾಕಿಕೊಳ್ಳಿ" ಎನ್ನುವುದು ಉತ್ತರವಲ್ಲ. ಕೇರಳದ ಸರ್ಕಾರಿ ಶಾಲೆಗಳಲ್ಲಿ ಮಕ್ಕಳು ಲಿನಕ್ಸ್‌ನಲ್ಲೇ ಕಲಿಯುತ್ತಿರುವುದು ಸರ್ಕಾರ ಅದನ್ನು ಹಾಕಿಸಿಕೊಟ್ಟಿದ್ದರಿಂದ. ಇಲ್ಲಿ ಕನಿಷ್ಠ ಲ್ಯಾಪ್‌ಟಾಪ್ ಬಿಲ್‌ನಲ್ಲಿ ವಿಂಡೋಸ್‌ನ ಬೆಲೆಯನ್ನು ಬೇರೆಯಾಗಿ ತೋರಿಸಲಿ, ಬೇಡವೆಂದವರಿಗೆ ಅಷ್ಟು ಹಣ ಕಡಿಮೆ ಮಾಡಲಿ.