ಮೀಟರಿನಲ್ಲಿ ಕಡಿಮೆ ಇದ್ದ ಮಾತ್ರಕ್ಕೆ ಕಾರು ಗಟ್ಟಿಯಲ್ಲ

"ಗಲ್ಫಿನಲ್ಲಿರುವವರ ಕಾರು, ಓಡಿದ್ದೇ ಇಲ್ಲ, 22 ಸಾವಿರ ಕಿಲೋಮೀಟರ್ ಅಷ್ಟೆ." ಕೇರಳದ ಕಾಸರಗೋಡಿನಲ್ಲಿ, ಕುಂಬಳೆಯಿಂದ ಹೊಸದುರ್ಗದ ತನಕ, ಹಳೆ ಕಾರು ಮಾರುವವರ ಬಾಯಲ್ಲಿ ಮೊದಲು ಬರುವ ಮಾತು ಇದು. ಕೊಳ್ಳುವವರೂ ಈ ಒಂದು ಮಾತಿಗೆ ಒಂದಿಷ್ಟು ಹೆಚ್ಚೇ ಕೊಟ್ಟು ತರುತ್ತಾರೆ.

ನನ್ನ ಲೆಕ್ಕ ಉಲ್ಟಾ. ಎಂಟು ವರ್ಷದಲ್ಲಿ 22 ಸಾವಿರ ಓಡಿದ ಕಾರಿಗಿಂತ, ಅದೇ ಎಂಟು ವರ್ಷದಲ್ಲಿ 90 ಸಾವಿರ ಓಡಿ, ಸರ್ವೀಸಿನ ಬಿಲ್ಲುಗಳನ್ನೆಲ್ಲ ಫೈಲಿನಲ್ಲಿ ಸೇರಿಸಿಟ್ಟವರ ಕಾರು ಮೇಲು. ಕಾರು ಓಡಿ ಸವೆಯುವುದಕ್ಕೂ ನಿಂತು ಕೆಡುವುದಕ್ಕೂ ವ್ಯತ್ಯಾಸ ಉಂಟು. ಓಡಿ ಸವೆದದ್ದು ಬ್ರೇಕ್ ಪ್ಯಾಡ್, ಕ್ಲಚ್, ಟಯರ್: ಎಲ್ಲವೂ ಲೆಕ್ಕಕ್ಕೆ ಸಿಗುವ ಖರ್ಚು. ನಿಂತು ಕೆಟ್ಟದ್ದು ಎಲ್ಲಿ, ಎಷ್ಟು ಎಂದು ಕೊಂಡ ಮೇಲೆಯೇ ತಿಳಿಯುವುದು.

ಬ್ಯಾಟರಿಯಿಂದ ಶುರು ಮಾಡುವ. ಕಾರು ಲಾಕ್ ಆಗಿ ನಿಂತಿದ್ದರೂ ಅಲಾರಂ, ಗಡಿಯಾರ, ಎಂಜಿನ್ನಿನ ಕಂಪ್ಯೂಟರ್ (ಇಸಿಯು) ಇವೆಲ್ಲ ಸೇರಿ 50 ಮಿಲಿಆಂಪಿಯರ್ ತನಕ ಎಳೆಯುತ್ತಿರುತ್ತವೆ. ದಿನಕ್ಕೆ 1.2 ಆಂಪಿಯರ್ ಅವರ್ ಆಯಿತು. ಸಣ್ಣ ಕಾರಿನ 35 ಆಂಪಿಯರ್ ಅವರ್ ಬ್ಯಾಟರಿ ಹೀಗೆ ಒಂದು ತಿಂಗಳಲ್ಲಿ ಬರಿದು. ಬರಿದಾಗಿ ವಾರಗಟ್ಟಲೆ ಬಿದ್ದಿದ್ದರೆ ಒಳಗಿನ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತದೆ, ಮತ್ತೆ ಚಾರ್ಜ್ ಮಾಡಿದರೂ ಮೊದಲಿನ ಶಕ್ತಿ ಬರುವುದಿಲ್ಲ. ತುಂಬಿದ ಬ್ಯಾಟರಿ 12.6 ವೋಲ್ಟ್ ತೋರಿಸಬೇಕು, 12.2 ಇದ್ದರೆ ಅರ್ಧ ಮಾತ್ರ ಉಂಟು ಎಂದರ್ಥ. ಎರಡು ತಿಂಗಳು ಯಾರೂ ಓಡಿಸುವುದಿಲ್ಲವಾದರೆ ನೆಗೆಟಿವ್ ಟರ್ಮಿನಲ್ ಕಳಚಿಡಿ, 10ರ ಸ್ಪ್ಯಾನರ್ ಸಾಕು.

ಅದರ ಬದಲು ಮನೆಯವರು ಮಾಡುವುದೆಂತ? ವಾರಕ್ಕೊಮ್ಮೆ ಶೆಡ್ಡಿನಲ್ಲೇ ಸ್ಟಾರ್ಟ್ ಮಾಡಿ ಐದು ನಿಮಿಷ ಬಿಟ್ಟು ಆಫ್ ಮಾಡುವುದು. ಒಳ್ಳೆಯದೆಂದು ಮಾಡುವ ಕೆಟ್ಟ ಕೆಲಸ ಇದು. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ. ಎಂಜಿನ್ ಚೆನ್ನಾಗಿ ಬಿಸಿಯಾದರೆ ಅದು ಆವಿಯಾಗಿ ಹೊರಗೆ ಹೋಗುತ್ತದೆ. ಐದು ನಿಮಿಷದಲ್ಲಿ ಆಯಿಲ್ ಬಿಸಿಯೇ ಆಗುವುದಿಲ್ಲ. ನೀರು ಸೈಲೆನ್ಸರಿನಲ್ಲಿ ನಿಂತು ಒಳಗಿನಿಂದ ತುಕ್ಕು ಹಿಡಿಸುತ್ತದೆ, ಸ್ವಲ್ಪ ಆಯಿಲಿಗೂ ಸೇರುತ್ತದೆ. ಸ್ಟಾರ್ಟರ್ ಎಳೆದ ಕರೆಂಟು ಆ ಐದು ನಿಮಿಷದಲ್ಲಿ ಸರಿಯಾಗಿ ತುಂಬುವುದೂ ಇಲ್ಲ. ಮಾಡುವುದಾದರೆ ವಾರಕ್ಕೊಮ್ಮೆ ಅರ್ಧ ಗಂಟೆ, 15–20 ಕಿಲೋಮೀಟರ್ ರಸ್ತೆಯಲ್ಲೇ ಓಡಿಸಿ. ಬದಿಯಡ್ಕದಿಂದ ಕುಂಬಳೆಗೆ ಒಂದು ಸುತ್ತು ಹೋಗಿ ಬಂದರೆ ಎಂಜಿನ್, ಬ್ರೇಕ್, ಟಯರ್, ಎಸಿ ಎಲ್ಲದಕ್ಕೂ ಆಯಿತು.

ಇನ್ನು ತಾರೀಕು ನೋಡಿ ಬದಲಿಸಬೇಕಾದವು. ಬ್ರೇಕ್ ಫ್ಲೂಯಿಡ್ ಗಾಳಿಯ ತೇವ ಹೀರುವ ವಸ್ತು. ಡಾಟ್ 3 ಎಂಬ ದರ್ಜೆಯ ಹೊಸ ಫ್ಲೂಯಿಡ್ ಕನಿಷ್ಠ 205 ಡಿಗ್ರಿಯ ತನಕ ಕುದಿಯಬಾರದು ಎಂದು ನಿಯಮ. ತೇವ ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಭಾಗಮಂಡಲದಿಂದ ಪಾಣತ್ತೂರಿಗೆ ಇಳಿಯುವಾಗ ಬ್ರೇಕ್ ಮೇಲೆಯೇ ಕಾಲಿಟ್ಟು ಬಂದರೆ ಪೆಡಲ್ ಮೆತ್ತಗಾಗಿ ಕೆಳಗೆ ಹೋಗುವುದು ಫ್ಲೂಯಿಡ್ ಹೀಗೆ ಕುದಿಯುವುದರಿಂದ. ಎರಡು ವರ್ಷಕ್ಕೊಮ್ಮೆ ಬದಲಿಸಿ, ಕಾರು ಸಾವಿರ ಕಿಲೋಮೀಟರ್ ಓಡಿರಲಿ, ಐವತ್ತು ಸಾವಿರ ಓಡಿರಲಿ. ಎಂಜಿನ್ ಆಯಿಲ್ ವರ್ಷಕ್ಕೊಮ್ಮೆ ಖಂಡಿತ. ರಬ್ಬರಿನ ಟೈಮಿಂಗ್ ಬೆಲ್ಟ್ ಇರುವ ಎಂಜಿನ್ ಆದರೆ ಕಾರಿನ ಜೊತೆ ಬರುವ ಪುಸ್ತಕದಲ್ಲಿ ಕಿಲೋಮೀಟರಿನ ಜೊತೆಗೆ ವರ್ಷವೂ ಬರೆದಿರುತ್ತದೆ, ಯಾವುದು ಮೊದಲೋ ಅದು. ರಬ್ಬರಿಗೆ ಮೀಟರ್ ಓದಲು ಬರುವುದಿಲ್ಲ. ಟಯರಿಗೂ ಅದೇ ಮಾತು: ಬದಿಯಲ್ಲಿ DOT ಎಂದು ಶುರುವಾಗುವ ಸಾಲಿನ ಕೊನೆಗೆ 2319 ಎಂದಿದ್ದರೆ ಅದು 2019ರ 23ನೇ ವಾರದ್ದು. ಟಯರಿನ ಮೇಲಿನ ಗೆರೆಗಳಲ್ಲಿ ಎಷ್ಟೇ ಆಳ ಉಳಿದಿರಲಿ, ಆರು ವರ್ಷ ದಾಟಿದ್ದನ್ನು ನಂಬಿ ಹೈವೇಗೆ ಹೋಗುವುದು ಬೇಡ.

ಎಂಜಿನ್ ತಣಿಸುವ ಕೂಲಂಟ್ ವಿಷಯದಲ್ಲಿ ನಮ್ಮವರಿಗೆ ಅಸಡ್ಡೆ ಹೆಚ್ಚು. ಕಡಿಮೆಯಾದರೆ ಬಾವಿ ನೀರು ಹೊಯ್ಯುವುದೇ. ನಮ್ಮ ಮುರಕಲ್ಲಿನ ಬಾವಿಗಳ ನೀರು ಬಹಳ ಕಡೆ ಹುಳಿ ಗುಣದ್ದು. ಕುಡಿಯಲು ಸಿಹಿ ಇರಬಹುದು, ಅಲ್ಯುಮಿನಿಯಂ ರೇಡಿಯೇಟರಿಗೆ ಆಗುವುದಿಲ್ಲ. ಕೂಲಂಟಿನಲ್ಲಿ ತುಕ್ಕು ತಡೆಯುವ ರಾಸಾಯನಿಕ ಉಂಟು, ಅದು ತೆಳ್ಳಗಾದಂತೆ ವಾಟರ್ ಪಂಪ್, ಥರ್ಮೋಸ್ಟಾಟ್ ಒಂದೊಂದೇ ಕೈಕೊಡುತ್ತವೆ. ಅರ್ಧ ಕೂಲಂಟ್, ಅರ್ಧ ಡಿಸ್ಟಿಲ್ಡ್ ವಾಟರ್, ಅಥವಾ ಬೆರೆಸಿಯೇ ಬರುವ ಕ್ಯಾನ್. ಪದೇಪದೇ ಕಡಿಮೆಯಾಗುತ್ತಿದ್ದರೆ ತುಂಬಿಸುತ್ತಾ ಕೂರುವುದಲ್ಲ, ಎಲ್ಲಿ ಸೋರುತ್ತದೆ ಎಂದು ಹುಡುಕಿಸಬೇಕು.

ಆದರೆ ಕಾಸರಗೋಡಿನಲ್ಲಿ ಕಾರಿನ ಆಯುಷ್ಯ ತೀರ್ಮಾನವಾಗುವುದು ಬಾನೆಟ್ಟಿನ ಅಡಿಯಲ್ಲಿ ಅಲ್ಲ, ಕಾರಿನ ಅಡಿಯಲ್ಲಿ. ಎಂಜಿನ್ ಬಿಚ್ಚಿ ಕಟ್ಟಬಹುದು, ತುಕ್ಕು ತಿಂದ ಶಾಸಿ ಬದಲಿಸುವುದು ಯಾರಿಗೂ ಗಿಟ್ಟದ ಕೆಲಸ. ಒಂದು ಕಡೆ ಉಪ್ಪಳ, ಮೊಗ್ರಾಲಿನ ಉಪ್ಪು ಗಾಳಿ, ಇನ್ನೊಂದು ಕಡೆ ತೋಟದ ದಾರಿಯ ಕೆಂಪು ಕೆಸರು. ಕೆಸರು ಮಡ್‌ಗಾರ್ಡಿನ ಮಡಿಕೆಗಳಲ್ಲಿ ಅಂಟಿ ಕೂತು ಮಳೆಗಾಲ ಮುಗಿದ ಮೇಲೂ ತಿಂಗಳುಗಟ್ಟಲೆ ಒದ್ದೆ ಹಿಡಿದಿಟ್ಟಿರುತ್ತದೆ. ಬಾಗಿಲಿನ ತಳದಲ್ಲಿ, ಫುಟ್‌ಬೋರ್ಡಿನ ಅಡಿಯಲ್ಲಿ ನೀರು ಇಳಿಯಲೆಂದೇ ಸಣ್ಣ ತೂತುಗಳಿವೆ. ಅವು ಕಟ್ಟಿಕೊಂಡರೆ ಬಾಗಿಲೇ ಹಂಡೆ. ಬ್ರೇಕ್ ಹಾಕುವಾಗ ಬಾಗಿಲೊಳಗೆ ನೀರು ಕುಲುಕುವ ಶಬ್ದ ಕೇಳಿದರೆ ಒಂದು ಕೇಬಲ್ ಟೈ ಹಾಕಿ ತೂತು ಬಿಡಿಸಿ. ಮುಂದಿನ ಗಾಜಿನ ಬುಡದ ಪ್ಲಾಸ್ಟಿಕ್ ಜಾಲರಿಯಡಿ ಮಾವಿನ ಎಲೆ, ಅಡಿಕೆ ಸಿಂಗಾರದ ಹೂ ತುಂಬಿದರೆ ನೀರು ಬ್ಲೋವರಿನ ದಾರಿ ಹಿಡಿದು ಕಾಲಡಿಯ ಕಾರ್ಪೆಟ್ಟಿಗೆ ಬರುತ್ತದೆ. ಆ ಕಾರ್ಪೆಟ್ಟಿನ ಅಡಿಯಲ್ಲೇ ವಯರಿಂಗ್ ಹೋಗುವುದು.

ಅಂಡರ್‌ಬಾಡಿ ಕೋಟಿಂಗ್ ಏಪ್ರಿಲ್‌ನಲ್ಲಿ ಮಾಡಿಸಿ, ನೆಲ ಒಣಗಿರುವಾಗ. ಇದ್ದ ತುಕ್ಕನ್ನು ಉಜ್ಜಿ ತೆಗೆಯದೆ ಮೇಲಿನಿಂದ ಕಪ್ಪು ಬಳಿದರೆ ತುಕ್ಕಿಗೆ ಹೊದಿಕೆ ಹೊದಿಸಿದಂತೆ, ಒಳಗೆ ಬೆಚ್ಚಗೆ ಬೆಳೆಯುತ್ತದೆ. ಮಾರಲಿಕ್ಕಿಟ್ಟ ಹಳೆ ಕಾರಿನ ಅಡಿ ಮಾತ್ರ ಹೊಳೆಯುತ್ತಿದ್ದರೆ ನನಗಂತೂ ಸಂಶಯವೇ. ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿ ನೋಡಿ. ಗಟ್ಟಿ ತಗಡು ಠಣ್ ಎನ್ನುತ್ತದೆ, ತಿಂದದ್ದು ಮಂಕಾಗಿ ಬಡಿಯುತ್ತದೆ.

ನೋಡಲು ಹೋಗುವುದಾದರೆ ಬೆಳಗ್ಗೆ ಹೋಗಿ, ನಾವು ಬರುವ ಮೊದಲು ಸ್ಟಾರ್ಟ್ ಮಾಡಬೇಡಿ ಎಂದು ಹೇಳಿ ಹೋಗಿ. ತಣ್ಣಗಿನ ಎಂಜಿನ್ ಸುಳ್ಳು ಹೇಳುವುದಿಲ್ಲ. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಕೂಲಂಟ್ ಒಳಗೆ ಹೋಗುತ್ತಿದೆ. ಆಯಿಲ್ ಮುಚ್ಚಳದ ಒಳಗೆ ಬೆಣ್ಣೆಯಂಥ ಬಿಳಿ ಕಂಡರೆ ಗಾಬರಿ ಬೇಡ, ಬರೀ ಗಿಡ್ಡ ಓಟದಿಂದಲೂ ಅದಾಗುತ್ತದೆ. ಆದರೆ ಕೂಲಂಟೂ ಕಡಿಮೆ ಇದ್ದರೆ ಎಂಜಿನ್ ಹೆಡ್ಡಿನ ಅಡಿಯ ಸೀಲ್, ಅಂದರೆ ಹೆಡ್ ಗ್ಯಾಸ್ಕೆಟ್, ಹೋಗಿರಬಹುದು, ಅಲ್ಲಿಂದ ಹೊರಡಿ. ಸ್ಟಿಯರಿಂಗ್ ಪೂರ್ತಿ ತಿರುಗಿಸಿ ನಿಧಾನ ಓಡಿಸುವಾಗ ಕಟಕಟ ಬಂದರೆ ಆಕ್ಸೆಲ್ ಜಾಯಿಂಟಿನ ರಬ್ಬರ್ ಹೊದಿಕೆ (ಬೂಟ್) ಹರಿದು ಗ್ರೀಸ್ ಹೋಗಿ ಮಣ್ಣು ಸೇರಿದೆ. ಬೂಟ್ ಹರಿದ ಕೂಡಲೇ ಬದಲಿಸಿದ್ದರೆ ಚಿಲ್ಲರೆ ಖರ್ಚು, ಈಗ ಜಾಯಿಂಟೇ ಹೋಯಿತು. ಸೀಟ್ ಬೆಲ್ಟನ್ನು ಕೊನೆಯ ತನಕ ಎಳೆಯಿರಿ, ಕೆಸರಿನ ಗೆರೆ ಇದ್ದರೆ ಕಾರು ನೆರೆಯಲ್ಲಿ ಮುಳುಗಿದ್ದು. 2018ರ ಆಗಸ್ಟ್ ನೆರೆಯನ್ನು ಕಂಡ ರಾಜ್ಯದಲ್ಲಿ ಇದನ್ನು ನೋಡದೆ ಕೊಳ್ಳಬಾರದು.

ಡೀಸೆಲ್ ಬೇಕೆನ್ನುವವರಿಗೆ ಒಂದು ಮಾತು. 2020ರ ಏಪ್ರಿಲ್‌ನಿಂದ ಬಂದ, ಬಿಎಸ್6 ಎಂಬ ಹೊಗೆ ನಿಯಮದ ಡೀಸೆಲ್ ಕಾರುಗಳಲ್ಲಿ ಮಸಿ ಹಿಡಿಯುವ ಫಿಲ್ಟರ್ (ಡಿಪಿಎಫ್) ಇರುತ್ತದೆ. ಆ ಮಸಿ ಸುಟ್ಟುಹೋಗಲು ಒಂದೇ ವೇಗದಲ್ಲಿ ಹದಿನೈದು-ಇಪ್ಪತ್ತು ನಿಮಿಷ ಓಡಬೇಕು. ಪೆರ್ಲದಿಂದ ಸೊಸೈಟಿಗೆ ಅಡಿಕೆ ಕೊಂಡುಹೋಗಿ ಹಿಂದೆ ಬರುವವರಿಗೆ ಆ ಓಟ ಸಿಗುವುದಿಲ್ಲ. ಅವರಿಗೆ ಪೆಟ್ರೋಲೇ ಸರಿ.

ಲಾಭದ ಲೆಕ್ಕವನ್ನೂ ಹಾಕಿ ನೋಡಿ. 6 ಲಕ್ಷಕ್ಕೆ ಕೊಂಡು ಹತ್ತು ವರ್ಷದ ಮೇಲೆ ಒಂದೂವರೆ ಲಕ್ಷಕ್ಕೆ ಮಾರಿದರೆ ಕಳೆದದ್ದು ನಾಲ್ಕೂವರೆ ಲಕ್ಷ. ಒಂದು ಲಕ್ಷ ಕಿಲೋಮೀಟರ್ ಓಡಿದ್ದರೆ ಕಿಲೋಮೀಟರಿಗೆ ನಾಲ್ಕೂವರೆ ರೂಪಾಯಿ. ಬರೀ 40 ಸಾವಿರ ಓಡಿದ್ದರೆ 11 ರೂಪಾಯಿ ದಾಟಿತು, ಪೆಟ್ರೋಲಿನ ಖರ್ಚಿಗಿಂತ ಹೆಚ್ಚು.

ಮತ್ತೆ, ಮಂಗಳೂರಿನಲ್ಲಿ ಅಗ್ಗ ಎಂದು ತಲಪಾಡಿ ದಾಟಿಸುವವರು ಗಮನಿಸಿ. ಬೇರೆ ರಾಜ್ಯದ ನಂಬರಿನಲ್ಲಿ ಇಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಕೇರಳದ ನಂಬರ್ ಮಾಡಿಸಲೇಬೇಕು. ಅಲ್ಲಿನ ಆರ್‌ಟಿಒದಿಂದ ಫಾರ್ಮ್ 28ರಲ್ಲಿ ಎನ್‌ಒಸಿ (ಆಕ್ಷೇಪ ಇಲ್ಲವೆಂಬ ಪತ್ರ), ಇಲ್ಲಿ ಫಾರ್ಮ್ 27ರಲ್ಲಿ ಅರ್ಜಿ, ಜೊತೆಗೆ ಕೇರಳದ ತೆರಿಗೆ. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರಿದ್ದರೆ ಅದನ್ನು ಮಾರುವವರೇ ತೆಗೆಸಿ ಕೊಡಲಿ, ಅಲ್ಲಿಯ ತನಕ ಪೂರ್ತಿ ಹಣ ಎಣಿಸಬೇಡಿ.