ಎದೆ ಝಲ್ಲೆಂದಿತು ಅಂತ ಬರೆದರೆ ಯಾರ ಎದೆಯೂ ಝಲ್ಲೆನ್ನಲ್ಲ

"ಆ ಮನೆ ಭಯಾನಕವಾಗಿತ್ತು. ಸುತ್ತಲೂ ನಿಗೂಢ ಮೌನ. ಒಳಗೆ ಕಾಲಿಡುತ್ತಲೇ ಎದೆ ಝಲ್ಲೆಂದಿತು."

ಇಂಥ ಸಾಲುಗಳನ್ನು ನೀವೂ ಬೇಕಾದಷ್ಟು ಓದಿರುತ್ತೀರಿ. ಹೆದರಿಕೆ ಆಯ್ತಾ? ನನಗಂತೂ ಆಗಲ್ಲ. ಬರೆದವರು ತಾವು ಹೆದರಿದ್ದೇವೆ ಅಂತ ವರದಿ ಒಪ್ಪಿಸಿದ ಹಾಗಿದೆ, ಅಷ್ಟೇ. ಈಗ ಇದನ್ನು ನೋಡಿ. ಉದಾಹರಣೆಗೆ ಅಂತ ಸುಮ್ನೆ ನಾನೇ ಕಟ್ಟಿದ್ದು.

"ಬಾಗಿಲು ತೆರೆದೇ ಇತ್ತು. ಟೀವಿ ಓಡುತ್ತಿತ್ತು, ಶಬ್ದ ಪೂರ್ತಿ ತಗ್ಗಿಸಿತ್ತು. ಬಚ್ಚಲಲ್ಲಿ ನಲ್ಲಿ ಬಿಟ್ಟೇ ಇತ್ತು. ಕುರ್ಚಿಯ ಮೇಲೆ ಅವರ ಕನ್ನಡಕ. ಮೂರು ಸಲ ಕೂಗಿದೆ."

ದೊಡ್ಡ ಸಾಹಿತ್ಯವೇನಲ್ಲ. ಆದರೂ ಏನೋ ಸರಿಯಿಲ್ಲ ಅನ್ನಿಸುತ್ತದೆ ಅಲ್ವಾ? ಕನ್ನಡಕ ಹಾಕುವವರು ಅದನ್ನು ಬಿಟ್ಟು ದೂರ ಹೋಗುವುದಿಲ್ಲ. ನಲ್ಲಿ ತಿರುಗಿಸಿದವರು ಬಂದು ನಿಲ್ಲಿಸಬೇಕಿತ್ತು. ಮೂರು ಸಲ ಕೂಗಿದರೆ ಉತ್ತರ ಬಂತೋ ಇಲ್ಲವೋ, ಅದನ್ನು ನಾನು ಬರೆದೇ ಇಲ್ಲ. ಆ ಲೆಕ್ಕ ಹಾಕುವುದು ಓದುವವರು. ಹಾಗೆ ಹಾಕುವಾಗಲೇ ಹೆದರಿಕೆ ಶುರುವಾಗುವುದು. ಅದೇ ಕನ್ನಡಕವನ್ನು ಮೊದಲ ಸಾಲಿಗೆ ತಂದು, ಅದರ ಒಂದು ಗಾಜು ಬಿರುಕು ಬಿಟ್ಟಿದೆ ಅಂತ ಸೇರಿಸಿ. ಹೆದರಿಕೆ ಹಿಂದೆ ಸರಿದು ಪತ್ತೇದಾರಿಯ ಕುತೂಹಲ ಬರುತ್ತದೆ. ಮನೆ ಅದೇ, ಸಾಮಾನು ಅದೇ. ಒಂದು ಬಿರುಕು ಸೇರಿತು, ಏನು ಮೊದಲು ಕಂಡಿತು ಅನ್ನುವುದು ಬದಲಾಯಿತು, ಅಷ್ಟೇ.

ಮೂಡ್, ಟೋನ್ ಅಂತ ಎರಡು ಮಾತುಗಳನ್ನು ನಾವು ಒಟ್ಟೊಟ್ಟಿಗೇ ಬಳಸುತ್ತೇವೆ. ಎರಡೂ ಬೇರೆ. ಓದುತ್ತಾ ಹೋದ ಹಾಗೆ ನಮ್ಮ ಮೇಲೆ ಕವಿಯುವುದು ಮೂಡ್. ಹೇಳುವವರ ಧಾಟಿ ಟೋನ್, ಅಂದರೆ ತಾವು ಹೇಳುತ್ತಿರುವ ಸಂಗತಿಯಿಂದ ಅವರು ಎಷ್ಟು ದೂರ ನಿಂತಿದ್ದಾರೆ, ಮರುಕದಿಂದಲೋ ವ್ಯಂಗ್ಯದಿಂದಲೋ ಅನ್ನುವುದು. ಎರಡೂ ಒಂದೇ ದಿಕ್ಕಿಗೆ ಹೋಗಬೇಕು ಅಂತೇನೂ ಇಲ್ಲ. ಹೋಗದಿದ್ದಾಗಲೇ ಮಜಾ ಜಾಸ್ತಿ. ಅದಕ್ಕೆ ಆಮೇಲೆ ಬರುತ್ತೇನೆ.

ಭಾವದ ಹೆಸರು ಹೇಳಿಬಿಟ್ಟರೆ ಭಾವ ಹುಟ್ಟುವುದಿಲ್ಲ ಅನ್ನುವುದು ಈಗಿನ ರೈಟಿಂಗ್ ವರ್ಕ್‌ಶಾಪುಗಳು ಕಂಡುಹಿಡಿದದ್ದಲ್ಲ. 11ನೇ ಶತಮಾನದ ಕಾಶ್ಮೀರದ ಮಮ್ಮಟ 'ಕಾವ್ಯಪ್ರಕಾಶ'ದಲ್ಲಿ ರಸದೋಷಗಳ, ಅಂದರೆ ಕಾವ್ಯದ ರಸ ಕೆಡಿಸುವ ತಪ್ಪುಗಳ ಪಟ್ಟಿ ಮಾಡುವಾಗ ಮೊದಲಿಗೇ ಇದನ್ನು ಹಿಡಿಯುತ್ತಾನೆ. ರಸವನ್ನೋ ಅದರ ಬುಡದಲ್ಲಿರುವ ಸ್ಥಾಯಿಭಾವವನ್ನೋ ಅದರ ಹೆಸರಿನಿಂದಲೇ ಹೇಳುವುದು ದೋಷ. ಶೃಂಗಾರ ಬೇಕಾದರೆ 'ಶೃಂಗಾರ' ಅಂತ ಬರೆದರೆ ಆಗಲ್ಲ. ಮತ್ತೆ ಏನು ಮಾಡಬೇಕು? ಅದನ್ನು 'ನಾಟ್ಯಶಾಸ್ತ್ರ'ದ ಭರತ ಮಮ್ಮಟನಿಗಿಂತ ಎಷ್ಟೋ ಶತಮಾನ ಮೊದಲೇ ಹೇಳಿಟ್ಟಿದ್ದಾನೆ. ಭಾವಕ್ಕೆ ಕಾರಣವಾಗುವ ವ್ಯಕ್ತಿ, ಸನ್ನಿವೇಶ ತೋರಿಸು. ಅದು ಮೈಮೇಲೆ, ನಡೆಯಲ್ಲಿ ಹೇಗೆ ಕಾಣುತ್ತದೆ ತೋರಿಸು. ನಡುವೆ ಬಂದು ಹೋಗುವ ಸಣ್ಣ ಭಾವಗಳನ್ನು ತೋರಿಸು. ವಿಭಾವ, ಅನುಭಾವ, ಸಂಚಾರಿ ಅಂತ ಪರೀಕ್ಷೆಗೆ ಬಾಯಿಪಾಠ ಮಾಡಿದವರಿಗೆ ಇದು ಒಣ ವ್ಯಾಖ್ಯೆ. ಕಥೆ ಬರೆಯಲು ಕೂತವರಿಗೆ ನೇರ ಕೆಲಸಕ್ಕೆ ಬರುವ ಸಲಹೆ. 1919ರಲ್ಲಿ ಇಂಗ್ಲಿಷ್ ಕವಿ ಟಿ.ಎಸ್. ಎಲಿಯಟ್ ಶೇಕ್ಸ್‌ಪಿಯರನ ಹ್ಯಾಮ್ಲೆಟ್ ನಾಟಕದ ಕುರಿತ ಲೇಖನದಲ್ಲಿ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ: ಭಾವಕ್ಕೆ ಹೊಂದುವ ವಸ್ತುಗಳನ್ನು, ಸನ್ನಿವೇಶವನ್ನು, ಘಟನೆಗಳ ಸಾಲನ್ನು ಹುಡುಕಬೇಕು ಅಂತ.

ಅಮೆರಿಕದ ಕಾದಂಬರಿಕಾರ ಜಾನ್ ಗಾರ್ಡ್ನರ್ ಕೊಡುತ್ತಿದ್ದ ಒಂದು ಅಭ್ಯಾಸ ನನಗೆ ತುಂಬಾ ಇಷ್ಟ. ಯುದ್ಧದಲ್ಲಿ ಈಗಷ್ಟೇ ಮಗನನ್ನು ಕಳೆದುಕೊಂಡವನ ಕಣ್ಣಿಗೆ ಒಂದು ಕೊಟ್ಟಿಗೆ ಹೇಗೆ ಕಾಣುತ್ತದೆ, ಬರೆಯಿರಿ. ಮಗ, ಯುದ್ಧ, ಸಾವು ಯಾವುದರ ಸುದ್ದಿಯೂ ಬರಬಾರದು. ನೋಡುತ್ತಿರುವವನೂ ಬರಬಾರದು. ಬರೀ ಕೊಟ್ಟಿಗೆ.

ಕೇಳಿದ ತಕ್ಷಣ ಹೊಳೆಯುವುದು ಹೀಗೆ: "ಬಾಗಿಲ ಚೌಕಟ್ಟಿನಲ್ಲಿ ಚಾಕುವಿನಿಂದ ಗೀಚಿದ ಗೆರೆಗಳಿವೆ, ಒಂದರ ಮೇಲೊಂದು. ಕೊನೆಯದು ಚಿಲಕಕ್ಕಿಂತ ಒಂದು ಮೊಳ ಮೇಲೆ. ಅದರ ಮೇಲೆ ಮರ ನುಣುಪಾಗಿದೆ." ಮಗ ಬೆಳೆದ ಎತ್ತರದ ಗುರುತು, ಆಮೇಲೆ ಖಾಲಿ. ಅರ್ಥವೇನೋ ಆಗುತ್ತದೆ, ಆದರೆ ಇದು ಜಾಣತನದ ಸಾಲು. 'ನೋಡಿದ್ರಾ ಹೇಗೆ ಹೇಳಿದೆ' ಅಂತ ಬರೆದವರು ಪಕ್ಕದಲ್ಲೇ ನಿಂತು ಕೇಳಿದ ಹಾಗಿದೆ. ನನ್ನನ್ನು ಕೇಳಿದರೆ ಇದು ಮೇಲು: "ಮೊಳೆಗೆ ಹಗ್ಗ ನೇತುಹಾಕಿದೆ. ಗಂಟು ಬಿಚ್ಚಿಲ್ಲ. ಮಾಡಿನ ಸಂದಿಯಿಂದ ಬೆಳಕು ಬಿದ್ದು ಹುಲ್ಲಿನ ದೂಳು ಕಾಣುತ್ತಿದೆ. ಅದು ಕೆಳಗೆ ಇಳಿಯುತ್ತಲೇ ಇಲ್ಲ." ಇಲ್ಲಿ ಯಾವುದೂ ಯಾವುದರ ಸಂಕೇತವೂ ಅಲ್ಲ. ಒಬ್ಬ ಮನುಷ್ಯ ಅಲ್ಲಾಡದೆ ತುಂಬಾ ಹೊತ್ತು ಒಂದೇ ಕಡೆ ನೋಡುತ್ತಿದ್ದಾನೆ ಅನ್ನುವುದಷ್ಟೇ ಗೊತ್ತಾಗುತ್ತದೆ. ಮೂಡ್ ಕಟ್ಟುವುದಕ್ಕೆ ಸಂಕೇತ ಬೇಕೇ ಬೇಕು ಅಂತ ನಂಬಿಕೊಂಡವರು ಬಹಳ. ಎಷ್ಟೋ ಸಲ ಯಾರು ಎಷ್ಟು ಹೊತ್ತು ಏನನ್ನು ನೋಡಿದರು ಅನ್ನುವುದೇ ಸಾಕು.

ಮಳೆಯ ಬಗ್ಗೆ ಒಂದು ಮಾತು. ನಾಯಕಿ ಅತ್ತಾಗಲೆಲ್ಲ ಮಳೆ ಬರಿಸುವವರು ದಯವಿಟ್ಟು ಸ್ವಲ್ಪ ಬಿಸಿಲು ಬರಿಸಿ ನೋಡಿ. ಸುಡುವ ಬಿಸಿಲಿನಲ್ಲಿ ಅಳುವುದು ಇನ್ನೂ ಕಷ್ಟ.

ಇನ್ನು ಲಯ. ಹೈಸ್ಕೂಲಿನಲ್ಲಿ ಪ್ರಸ್ತಾರ ಹಾಕಿ ಗಣ ವಿಂಗಡಿಸಿ ಅಂಕ ತೆಗೆದುಕೊಂಡವರು ನಾವೆಲ್ಲ. ರಗಳೆಯಲ್ಲಿ ಮೂರು ವಿಧ ಅಂತ ಓದಿದ್ದು ನೆನಪಿದೆಯಾ? ಮೂರು ಮಾತ್ರೆಯ ಗಣದ್ದು ಉತ್ಸಾಹ, ನಾಲ್ಕರದ್ದು ಮಂದಾನಿಲ, ಐದರದ್ದು ಲಲಿತ. ಹೆಸರಲ್ಲೇ ನಡೆ ಇದೆ. ಮೂರು ಮೂರು ಮಾತ್ರೆ ಕುಪ್ಪಳಿಸುತ್ತದೆ, ಐದೈದು ಬಳುಕುತ್ತದೆ. ಗದ್ಯಕ್ಕೆ ಗಣ ಇಲ್ಲ ನಿಜ, ಆದರೆ ಉಸಿರು ಇದೆ. ಚಿಕ್ಕ ವಾಕ್ಯಗಳನ್ನು ಒಂದರ ಹಿಂದೊಂದು ಹಾಕಿದರೆ ಓದುವವರ ಉಸಿರು ಬಿಗಿಯಾಗುತ್ತದೆ. 'ಹೋಗಿ, ಕೂತು, ಕಿಟಕಿಯಾಚೆ ನೋಡುತ್ತಾ, ಏನೂ ಯೋಚಿಸದೆ' ಅಂತ ಮುಖ್ಯ ಕ್ರಿಯಾಪದವನ್ನು ಕೊನೆಯವರೆಗೂ ತಡೆದಿಟ್ಟರೆ ಹೊತ್ತೇ ನಿಧಾನವಾಗುತ್ತದೆ. ಕ್ರಿಯಾಪದ ಕೊನೆಗೆ ಬರುವ ನಮ್ಮ ಭಾಷೆಯಲ್ಲಿ ಇದು ಪುಕ್ಕಟೆ ಸಿಗುವ ಸೌಲಭ್ಯ. ಬಳಸುವವರು ಕಡಿಮೆ.

ಧಾಟಿಯ ವಿಷಯದಲ್ಲಂತೂ ಕನ್ನಡ ಭಾರೀ ಉದಾರಿ. ಇದಿಷ್ಟನ್ನು ನೋಡಿ.

ಅವರು ಮನೆ ಮಾರಿದರು.
ಅವರು ಮನೆ ಮಾರಿಬಿಟ್ಟರು.
ಅವರು ಮನೆ ಮಾರಿಕೊಂಡರು.
ಅವರು ಮನೆ ಮಾರಿದರಂತೆ.

ಮೊದಲನೆಯದು ಸುದ್ದಿ. ಎರಡನೆಯದರಲ್ಲಿ ಹೇಳುವವರಿಗೆ ಹೊಟ್ಟೆಯಲ್ಲಿ ಸಂಕಟವಿದೆ, ತಡೆಯೋಣ ಅಂದುಕೊಳ್ಳುವಷ್ಟರಲ್ಲಿ ಕೆಲಸ ಮುಗಿದಿದೆ. ಮೂರನೆಯದರಲ್ಲಿ ಸಾಲ, ಸೋಲು, ಸ್ವಲ್ಪ ದೂರು ಎಲ್ಲ ಬಂತು. ನಾಲ್ಕನೆಯದರಲ್ಲಿ ಹೇಳುವವರು ಕೈ ತೊಳೆದುಕೊಂಡು ಪಕ್ಕಕ್ಕೆ ನಿಂತರು: ನಾನು ನೋಡಿಲ್ಲಪ್ಪ, ಯಾರೋ ಹೇಳಿದರು. ಆ ಒಂದು 'ಅಂತೆ'ಯಿಂದ ಇಡೀ ಕಥೆಗೆ ಗಾಳಿಸುದ್ದಿಯ ಬಣ್ಣ ಬರುತ್ತದೆ. ನಾಲ್ಕು ಪುಟ 'ಅಂತೆ' ಹಾಕಿ ಬರೆದು, ಒಂದೇ ಒಂದು ಕಡೆ ಅದನ್ನು ಕಿತ್ತುಹಾಕಿ ನೋಡಿ. 'ಅವತ್ತು ರಾತ್ರಿ ಅವರು ಅತ್ತರು.' ಅಂದರೆ ಹೇಳುತ್ತಿರುವವರು ಅಲ್ಲೇ ಇದ್ದರು! ಯಾವ ವಿವರಣೆಯೂ ಇಲ್ಲದೆ ಕಥೆ ತಿರುಗಿತು. ಏಕವಚನ, ಬಹುವಚನವೂ ಹಾಗೆಯೇ. ಹತ್ತು ಪುಟ 'ಅವರು' ಆಗಿದ್ದ ಮನುಷ್ಯ ಹನ್ನೊಂದನೇ ಪುಟದಲ್ಲಿ 'ಅವನು' ಆದರೆ, ನಡುವೆ ಏನೋ ಮುರಿದುಬಿದ್ದಿದೆ. ವಿಶೇಷಣ ಹುಡುಕಿ ಸುಸ್ತಾಗುವ ಬದಲು ನಮ್ಮ ಬರಹಗಾರರು ಈ ಬಾಲಗಳ ಕಡೆ ಗಮನ ಕೊಟ್ಟರೆ ಎಷ್ಟು ಚೆನ್ನ.

ಧಾಟಿ ಒಂದು ಕಡೆ, ಮೂಡ್ ಒಂದು ಕಡೆ ಎಳೆಯುವ ಮಾತಿಗೆ ಬರೋಣ. ಜೊನಾಥನ್ ಸ್ವಿಫ್ಟ್ 1729ರಲ್ಲಿ ಐರ್ಲೆಂಡಿನ ಬಡತನದ ಬಗ್ಗೆ ಒಂದು ಕರಪತ್ರ ಬರೆದ. ಬಡವರ ಮಕ್ಕಳನ್ನು ಮಾಂಸಕ್ಕೆ ಮಾರಿದರೆ ದೇಶದ ಸಮಸ್ಯೆ ಬಗೆಹರಿಯುತ್ತದೆ ಅನ್ನುವುದು ಅದರ 'ಸಲಹೆ'. ಸಿಟ್ಟು ಒಂದು ಸಾಲಿನಲ್ಲೂ ಕಾಣಲ್ಲ. ಎಷ್ಟು ಮಕ್ಕಳು, ತೂಕ ಎಷ್ಟು, ಖರ್ಚೆಷ್ಟು, ಲಾಭವೆಷ್ಟು, ಎಲ್ಲ ಸರ್ಕಾರಕ್ಕೆ ವರದಿ ಕೊಡುವ ಸಂಭಾವಿತ ಅಧಿಕಾರಿಯ ಧಾಟಿ. ಓದುವವರ ಹೊಟ್ಟೆ ತೊಳಸುತ್ತದೆ. ಅವನು ಕಿರುಚಿದ್ದರೆ ನಾವು ತಲೆಯಾಡಿಸಿ ಮರೆತುಬಿಡುತ್ತಿದ್ದೆವೋ ಏನೋ. ಕಿರುಚುವ ಕೆಲಸವನ್ನು ಅವನು ನಮಗೆ ಬಿಟ್ಟ.

ರಷ್ಯಾದ ಕಥೆಗಾರ ಚೆಕಾಫ್ ಕೂಡ ಇದನ್ನೇ ಹೇಳಿದ್ದ. 1892ರಲ್ಲಿ ಲೇಖಕಿ ಲಿಡಿಯಾ ಅವಿಲೋವಾಗೆ ಬರೆದ ಕಾಗದದಲ್ಲಿ ಅವನ ಸಲಹೆ ಇಷ್ಟು: ನೊಂದವರ ಬಗ್ಗೆ ಬರೆದು ಓದುಗರಿಗೆ ಕನಿಕರ ಹುಟ್ಟಿಸಬೇಕಾದರೆ ನೀವು ಇನ್ನಷ್ಟು ತಣ್ಣಗಿರಿ. ಆಗ ಆ ದುಃಖ ಎದ್ದು ಕಾಣಲು ಒಂದು ಹಿನ್ನೆಲೆ ಸಿಗುತ್ತದೆ. ವೈದ್ಯನೂ ಆಗಿದ್ದವನು, ರೋಗಿಯ ಪಕ್ಕ ಕೂತು ಗೋಳಾಡಿ ಪ್ರಯೋಜನವಿಲ್ಲ ಅಂತ ಅವನಿಗೆ ಗೊತ್ತಿತ್ತು ಅನ್ನಿಸುತ್ತದೆ.

ಈಗ ಫೋನಿನಲ್ಲಿ ಓದುವ ಕಥೆಗಳ ತಲೆಬರಹದಲ್ಲೇ 'ಕಣ್ಣೀರು ತರಿಸುವ', 'ಮನಕಲಕುವ' ಅಂತ ಇರುತ್ತದೆ. ಆಡಿಯೋ ಕಥೆಯಾದರೆ ಮೊದಲ ವಾಕ್ಯಕ್ಕೂ ಮುಂಚೆ ಕೊಳಲು ಅಳಲು ಶುರು. ಕೇಳುವವರಿಗೆ ಬಿಟ್ಟ ಕೆಲಸವಾದರೂ ಏನು? ಸುಮ್ನೆ ಹೇಳಿದ ಕಡೆ ಅಳುವುದು.

ಹಾಗಂತ ಭಾವದ ಹೆಸರೇ ಎತ್ತಬಾರದು ಅಂತ ವ್ರತ ಹಿಡಿಯುವುದೂ ಒಂದು ಚಾಳಿ. ಎಲ್ಲವನ್ನೂ ಮುಚ್ಚಿಟ್ಟು, ಬರೀ ಮೇಜು ಕುರ್ಚಿ ಬಣ್ಣಿಸಿ 'ನೀವೇ ಅರ್ಥ ಮಾಡಿಕೊಳ್ಳಿ' ಅನ್ನುವ ಕಥೆಗಳೂ ಸಾಕಷ್ಟು ಬಂದಿವೆ. ಅವು ಬೇಜಾರು. ಮಮ್ಮಟನೇ ಇಲ್ಲೊಂದು ಕಿಂಡಿ ಬಿಟ್ಟಿದ್ದಾನೆ. ಸಂಚಾರಿ ಭಾವವನ್ನು, ಅಂದರೆ ನಡುವೆ ಬಂದು ಹೋಗುವ ಸಣ್ಣ ಭಾವವನ್ನು, ಕೆಲವು ಕಡೆ ಹೆಸರು ಹಿಡಿದು ಹೇಳಿದರೂ ದೋಷವಿಲ್ಲ ಅನ್ನುತ್ತಾನೆ. ನನಗೆ ಇದು ಸರಿ ಅನ್ನಿಸುತ್ತದೆ. ಸಾವಿನ ಮನೆಯ ಒಂದು ಸಾಲು ಹೀಗಿದೆ ಅಂದುಕೊಳ್ಳಿ: "ಹೆಣದ ಕಾಲಿಗೆ ಹಾಕಿದ್ದ ಸಾಕ್ಸ್ ನನ್ನದು. ನಗು ಬಂತು. ಯಾರಾದರೂ ನೋಡಿದರಾ ಅಂತ ನಾಚಿಕೆಯಾಯಿತು." ದುಃಖದ ಹೆಸರು ಎಲ್ಲೂ ಇಲ್ಲ, ನಾಚಿಕೆಯ ಹೆಸರಿದೆ. ಭಾವದ ಮಾತು ಕಂಡಲ್ಲೆಲ್ಲ ಕೆಂಪು ಪೆನ್ನು ಹಿಡಿಯುವ ಎಡಿಟರ್ ಆ ಕೊನೆಯ ವಾಕ್ಯವನ್ನು ಹೊಡೆದುಹಾಕಬಹುದು. ನಾನಾದರೆ ಬಿಡುತ್ತೇನೆ.